ಕುಂಚ ಎಲ್ಲಿಂದ ಹೊರಟಿತು?

ಜಪಾನಿನ ಮಸಿಚಿತ್ರಗಳ ಹುಚ್ಚು ನಿನಗೂ ಹಿಡಿದಿದೆಯೆಂದು ನಿಮ್ಮಮ್ಮ ಹೇಳಿದಳು. ಒಳ್ಳೆಯದೇ ಆಯಿತು ಮಗಳೇ. ಆದರೆ ಝೆನ್, ಶೂನ್ಯ, ಮೌನ ಮುಂತಾದ ದೊಡ್ಡ ಮಾತುಗಳನ್ನು ಸ್ವಲ್ಪ ದಿನ ಅಟ್ಟದ ಮೇಲಿಡು. ಅವು ಬಾಯಿಗೆ ಬಂದರೆ ಕಣ್ಣು ಕೆಲಸ ನಿಲ್ಲಿಸುತ್ತದೆ. ಕುಂಚ ಕಾಗದಕ್ಕೆ ಎಲ್ಲಿ ತಾಗಿತು, ಯಾವ ಕಡೆಗೆ ಓಡಿತು, ಎಲ್ಲಿ ಮಸಿ ತೀರಿತು ಎಂಬುದನ್ನಷ್ಟೇ ಹಿಂಬಾಲಿಸು. ರಂಗೋಲಿಯ ಎಳೆ ನೋಡಿ ಕೈ ಎಲ್ಲಿ ತಡವರಿಸಿತೆಂದು ನಿನ್ನಜ್ಜಿ ಹೇಳಿಬಿಡುತ್ತಿದ್ದಳಲ್ಲ, ಆ ಕಣ್ಣು ಸಾಕು.

ಮೊದಲು ಸೆಶ್ಶುವಿನ ಚಳಿಗಾಲದ ಚಿತ್ರ ನೋಡು. 1420ರಲ್ಲಿ ಹುಟ್ಟಿದ ಈ ಬೌದ್ಧ ಭಿಕ್ಷು 1467ರಲ್ಲಿ ಮಿಂಗ್ ಅರಸರ ಚೀನಾಕ್ಕೆ ಹೋಗಿ, 1469ರಲ್ಲಿ ಮರಳಿದವನು. ಚಿತ್ರದ ಎತ್ತರ ಅರ್ಧ ಮೀಟರೂ ಇಲ್ಲ. ಕೆಳಗೆ ಬಂಡೆಗಳ ನಡುವೆ ಪುಟ್ಟ ಮನುಷ್ಯನೊಬ್ಬ ಹಾದಿ ಏರುತ್ತಿದ್ದಾನೆ. ಅವನ ಜೊತೆಗೆ ನಿನ್ನ ಕಣ್ಣೂ ಅಂಕುಡೊಂಕಾಗಿ ಏರಿ, ದೂರದ ಕಟ್ಟಡಗಳ ತನಕ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ಒಂದೇ ಗೆರೆ. ಕಡುಕಪ್ಪು, ಅಲ್ಲಲ್ಲಿ ಮುರಿದು, ನೆಟ್ಟಗೆ ಏರಿ, ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಅದು ಕಡಿದಾದ ಬಂಡೆಯ ಅಂಚು. ಆ ಗೆರೆಯನ್ನು ಬೆರಳಿನಿಂದ ಮುಚ್ಚಿ ನೋಡು, ಚಿತ್ರ ತೀರಾ ಸಾಧುವಾಗಿಬಿಡುತ್ತದೆ. ಬೆರಳು ತೆಗೆ, ಇಡೀ ಬೆಟ್ಟ ಬಿಗಿಯುತ್ತದೆ. ಇಡೀ ಚಿತ್ರ ಯಾವುದರ ಮೇಲೆ ನಿಂತಿದೆಯೆಂದು ತಿಳಿಯಲು ನನಗೆ ಗೊತ್ತಿರುವ ಉಪಾಯ ಇಷ್ಟೇ.

ಇದೇ ಕೈ 1495ರಲ್ಲಿ ಶಿಷ್ಯನೊಬ್ಬನಿಗಾಗಿ ಬರೆದ ಚಿತ್ರದಲ್ಲಿ ಗೆರೆಗಳೇ ಇಲ್ಲವೆನ್ನಬೇಕು. ತೆಳುಮಸಿ ಬಳಿದು, ಅದು ಇನ್ನೂ ಹಸಿಯಿರುವಾಗಲೇ ಗಾಢಮಸಿ ಚೆಲ್ಲಿದ್ದಾನೆ. ಹೀರುವ ಕಾಗದ, ಅಳಿಸಲಾಗದ ಮಸಿ. ತಿದ್ದುವ ಮಾತೇ ಇಲ್ಲ. ಬರೀ ಕಲೆಗಳಂತೆ ಕಂಡರೆ ಬುಡದಲ್ಲಿ ಹುಡುಕು: ನಾಲ್ಕಾರು ಚುರುಕು ಗೀಟುಗಳಲ್ಲಿ ಹೆಂಡದಂಗಡಿಯ ಸೂರು, ಪಕ್ಕದ ನೀರಿನಲ್ಲಿ ದೋಣಿ. ಅವು ಸಿಕ್ಕ ಕೂಡಲೇ ಮೇಲಿನ ಕಲೆಗಳು ಬೆಟ್ಟವಾಗುತ್ತವೆ. ಚಿತ್ರದ ಮೇಲೆ ಅವನದೂ ಇತರ ಭಿಕ್ಷುಗಳದೂ ಬರಹವಿದೆ. ಪುಸ್ತಕಗಳಲ್ಲಿ ಅದನ್ನು ಕತ್ತರಿಸಿ ಅಚ್ಚು ಹಾಕುವುದು ನನಗಂತೂ ಸಹಿಸಲಾಗದು. ಆ ಭಾರ ತಲೆಯ ಮೇಲಿದ್ದರೇ ಕೆಳಗಿನ ಬೆಟ್ಟಕ್ಕೆ ಅಷ್ಟು ಬಲ.

ಕಾಗದದ ಮೇಲಿನ ಇಂಥ ಚಿತ್ರಗಳನ್ನು ಮ್ಯೂಸಿಯಂನವರು ಕೆಲವೇ ವಾರ ತೂಗುಹಾಕಿ ಮತ್ತೆ ಒಳಗಿಡುತ್ತಾರೆ. ಟೋಕಿಯೋಗೆ ಹೋಗುವ ಯೋಗ ಬರುವವರೆಗೆ ಮೊಬೈಲೇ ಗತಿ, ನಾಚಿಕೆ ಬೇಡ. ಹಸೆಗಾವಾ ತೋಹಾಕು ಎಂಬ ಇನ್ನೊಬ್ಬ ಚಿತ್ರಕಾರನ ಪೈನ್ ಮರಗಳ ಜೋಡಿ ಪರದೆಗಳಿಗಂತೂ ಅದು ಅನುಕೂಲವೇ. ಬಲದಿಂದ ಎಡಕ್ಕೆ ನೋಡುತ್ತ ಹೋಗು. ಚಿತ್ರ ಚಿಕ್ಕದಿದ್ದಾಗ ಮಂಜಿನಲ್ಲಿ ನಿಂತ ಮರಗಳು; ಹಿಗ್ಗಿಸಿದರೆ ಮರವೇ ಮಾಯ, ಸಿಟ್ಟಿನಿಂದ ಬಡಿದಂಥ ಒರಟು ಗೀರುಗಳು. ಒಂದಷ್ಟು ಹೊತ್ತು ಹೀಗೆ ಒಳಗೆ ಹೊರಗೆ ಓಡಾಡು.

ಈ ಪರದೆಗಳು ಪೂರ್ಣ ಚಿತ್ರವೋ, ಬೇರೊಂದಕ್ಕೆ ಮಾಡಿಕೊಂಡ ಕರಡೋ ಎಂಬ ವಾದ ಪಂಡಿತರಲ್ಲಿದೆ. ಕಾಗದದ ಜೋಡಣೆ ಸರಿಯಾಗಿ ಕೂಡುವುದಿಲ್ಲವೆಂಬುದು ಒಂದು ಕಾರಣ. ಆ ಗೀರುಗಳ ಅವಸರ ನೋಡಿ ನಾನು ಕರಡಿನ ಪಕ್ಷ ಹಿಡಿದಿದ್ದೇನೆ. ನೀನು ನೋಡಿಯಾದ ಮೇಲೆ ಫೋನ್ ಮಾಡು, ಜಗಳ ಆಡೋಣ.