ನನ್ನ ಉರುಮೆ ಎಲ್ಲಿದೆ? – ವೇವ್‌ಟೇಬಲ್ ಸಿಂಥ್ ಆರಿಸೋ ಲೆಕ್ಕ

ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಮ್ಯೂಸಿಕ್ ಮಾಡೋಕೆ ಹೊರಟವರೆಲ್ಲ ಕೇಳೋ ಮೊದಲ ಪ್ರಶ್ನೆ ಒಂದೇ: "ಸೀರಮ್ ತಗೋಬೇಕಾ, ಇಲ್ಲ ವೈಟಲ್ ಸಾಕಾ?" ನಾನೂ ಒಂದು ಸೆಮಿಸ್ಟರ್ ಪೂರ್ತಿ ಇದನ್ನೇ ಕೇಳ್ಕೊಂಡು ತಿರುಗಿದೆ. ಸಿಕ್ಕ ಉತ್ತರಗಳೆಲ್ಲ "ಪ್ರಿಸೆಟ್ ಇದರಲ್ಲಿ ಜಾಸ್ತಿ, ಸೌಂಡ್ ಅದರಲ್ಲಿ ದಪ್ಪ" ಅನ್ನೋ ಥರದವು. ಕೊನೆಗೆ ಉತ್ತರ ಸಿಕ್ಕಿದ್ದು ಊರಲ್ಲಿ, ಕಂಪ್ಯೂಟರ್ ಮುಟ್ಟದ ಒಬ್ಬ ಹಿರಿಯರ ಬಾಯಿಂದ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ದುಡ್ಡಿನ ವಿಷಯ.

ನಮ್ಮೂರು ಕೆಂಕೆರೆ. ಹುಳಿಯಾರಿನ ಪಕ್ಕ, ಚಿಕ್ಕನಾಯಕನಹಳ್ಳಿ ತಾಲ್ಲೂಕು, ಎತ್ತ ನೋಡಿದರೂ ತೆಂಗು. ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಅದು ಒಳಗೇ ಒಣಗಿ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಆಮೇಲೆ ಸುಲಿದು, ಒಡೆದು, ತಿಪಟೂರು ಮಾರುಕಟ್ಟೆಗೆ ಹಾಕಬೇಕು. 2014ರಲ್ಲಿ ಬಂದ ಸೀರಮ್‌ನ ಬೆಲೆ ವರ್ಷಗಟ್ಟಲೆ 189 ಡಾಲರ್ ಇತ್ತು. ಡಾಲರಿಗೆ 85 ರೂಪಾಯಿ ಹಿಡಿದರೂ 16,065 ರೂಪಾಯಿ ಆಯ್ತು. 2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ಅಂದ್ರೆ ಒಂದು ಪ್ಲಗಿನ್‌ಗೆ ಸುಮಾರು 134 ಕೆಜಿ ಕೊಬ್ಬರಿ! ಈ ಲೆಕ್ಕ ಮಾಡಿದ ಮೇಲೆ ಅಪ್ಪನ ಹತ್ರ ಬಾಯಿ ಬಿಡೋಕೆ ಧೈರ್ಯ ಬರಲಿಲ್ಲ. ತಿಂಗಳ ಕಂತಿನಲ್ಲಿ ಕೊಳ್ಳೋ ದಾರಿಯೂ ಇದೆ, ಆದರೆ ನಮ್ಮ ಡೆಬಿಟ್ ಕಾರ್ಡಿನಲ್ಲಿ ಹೊರದೇಶದ ಆಟೊಪೇ ತಿಂಗಳು ತಿಂಗಳು ತಪ್ಪದೆ ನಡೆಯುತ್ತೆ ಅನ್ನೋ ನಂಬಿಕೆ ನನಗಿರಲಿಲ್ಲ.

ಮೂರನೇ ದಾರಿ ನಿಮಗೆಲ್ಲ ಗೊತ್ತಿರೋದೇ. ಪರಿಚಯದವರೊಬ್ಬರ ಪೆನ್‌ಡ್ರೈವ್‌ನಿಂದ ಕ್ರ್ಯಾಕ್ ಹಾಕ್ಕೊಂಡೆ. ಸಿಂಥ್ ಎರಡು ದಿನ ಓಡಿತು, ಮೂರನೇ ದಿನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಬೇಕಾಯ್ತು, ಜೊತೆಗೆ ಮಿನಿ ಪ್ರಾಜೆಕ್ಟ್ ರಿಪೋರ್ಟೂ ಹೋಯ್ತು. ಇದರ ಬಗ್ಗೆ ಇಷ್ಟೇ ಸಾಕು.

ಈಗ ವಿಷಯಕ್ಕೆ ಬರೋಣ. ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು, ಸರ್ರನೆ ತಿರುವಿ, ಗೊಂಬೆ ಓಡೋ ಹಾಗೆ ಮಾಡ್ತಿದ್ವಲ್ಲ, ವೇವ್‌ಟೇಬಲ್ ಕೂಡ ಅಂಥದ್ದೇ. ಒಂದೊಂದು ಪುಟದಲ್ಲೂ ಅಲೆಯ ಒಂದೇ ಒಂದು ಸುತ್ತು ಇರುತ್ತೆ. ಸೀರಮ್‌ನಲ್ಲಿ ಒಂದು ಪುಟಕ್ಕೆ 2048 ಬಿಂದು, ಒಂದು ಟೇಬಲ್‌ಗೆ ಹೆಚ್ಚೆಂದರೆ 256 ಪುಟ. ನೀವು ಕೀ ಒತ್ತಿದಾಗ ಸಿಂಥ್ ಒಂದು ಪುಟವನ್ನೇ ಮತ್ತೆ ಮತ್ತೆ ಓದುತ್ತೆ. ಸೆಕೆಂಡಿಗೆ 110 ಸಲ ಓದಿದರೆ 110 ಹರ್ಟ್ಸ್ ಸ್ವರ. ಓದ್ತಾ ಓದ್ತಾ ಪುಟ ಸರಿಸಿದರೆ ನಾದದ ಬಣ್ಣ ಬದಲಾಗುತ್ತೆ. ಸ್ಯಾಂಪ್ಲರ್‌ಗೂ ಇದಕ್ಕೂ ವ್ಯತ್ಯಾಸ ಇಲ್ಲೇ ಇದೆ. ಸ್ಯಾಂಪ್ಲರ್ ರೆಕಾರ್ಡಿಂಗನ್ನು ಮೊದಲಿಂದ ಕೊನೆವರೆಗೆ ಹಾಗೇ ನುಡಿಸುತ್ತೆ. ವೇವ್‌ಟೇಬಲ್‌ನಲ್ಲಿ ಮಧ್ಯದ ಯಾವುದೋ ಕ್ಷಣದಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಹಿಂದಕ್ಕೂ ಹೋಗಬಹುದು.

ಇದನ್ನು ವಾದ್ಯವಾಗಿ ಮಾರುಕಟ್ಟೆಗೆ ತಂದವರು ಜರ್ಮನಿಯ ವೋಲ್ಫ್‌ಗ್ಯಾಂಗ್ ಪಾಮ್. 1970ರ ದಶಕದ ಕೊನೆಯಲ್ಲಿ ಅವರ ಪಿಪಿಜಿ ಕಂಪನಿ ಇಂಥ ಸಿಂಥ್ ಮಾಡಿತು. ಆಗ ಮೆಮೊರಿ ದುಬಾರಿ, ಅಲೆಗಳೆಲ್ಲ 8 ಬಿಟ್. ಆ ಒರಟುತನವೇ ಆಮೇಲೆ ಜನರಿಗೆ ಇಷ್ಟ ಆಗಿಬಿಡ್ತು, ಅದು ಬೇರೆ ಕಥೆ.

ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಪೇಪರ್ ಬರೆದವರು ಇಲ್ಲಿ ಸ್ವಲ್ಪ ಗಮನ ಕೊಡಿ, ಓದಿದ್ದು ಉಪಯೋಗಕ್ಕೆ ಬರೋ ಜಾಗ ಇದು. 2048 ಬಿಂದುಗಳ ಒಂದು ಸುತ್ತಿನಲ್ಲಿ 1024 ಹಾರ್ಮಾನಿಕ್‌ವರೆಗೆ ಜಾಗ ಇದೆ. ಸ್ಯಾಂಪ್ಲಿಂಗ್ ದರ 44,100 ಆದರೆ ನೈಕ್ವಿಸ್ಟ್ ಮಿತಿ 22,050 ಹರ್ಟ್ಸ್. 55 ಹರ್ಟ್ಸ್‌ನ ಬೇಸ್ ಸ್ವರ ನುಡಿಸಿದರೆ 400 ಹಾರ್ಮಾನಿಕ್ ಹಿಡಿಸುತ್ತೆ. ಅದೇ ಪುಟವನ್ನು 440 ಹರ್ಟ್ಸ್‌ನಲ್ಲಿ ನುಡಿಸಿದರೆ ಹಿಡಿಸೋದು ಬರೀ 50. 60ನೇ ಹಾರ್ಮಾನಿಕ್ 26,400 ಹರ್ಟ್ಸ್ ಆಗಬೇಕಿತ್ತು, ಜಾಗ ಇಲ್ಲದೆ ಮಡಿಚಿಕೊಂಡು 17,700ಕ್ಕೆ ಬಂದು ಕೂರುತ್ತೆ. ಇದೇ ಏಲಿಯಾಸಿಂಗ್. ಒಳ್ಳೆ ಸಿಂಥ್‌ಗಳು ಸ್ವರದ ಎತ್ತರಕ್ಕೆ ತಕ್ಕ ಹಾಗೆ ಮೇಲಿನ ಹಾರ್ಮಾನಿಕ್‌ಗಳನ್ನು ಮೊದಲೇ ಕತ್ತರಿಸಿ ಇಡುತ್ತವೆ. ಆದರೆ ನೀವು ಆಮೇಲೆ ಅಲೆಯನ್ನು ತಿರುಚಿದಾಗ, ಅಂದ್ರೆ ಸಿಂಕ್, ಬೆಂಡ್, ಎಫ್‌ಎಂ ಹಾಕಿದಾಗ, ಹೊಸ ಹಾರ್ಮಾನಿಕ್‌ಗಳು ಹುಟ್ಟಿಕೊಳ್ಳುತ್ತವೆ. ಅದಕ್ಕೇ ಓವರ್‌ಸ್ಯಾಂಪ್ಲಿಂಗ್ ಬೇಕಾಗೋದು.

ಪರೀಕ್ಷೆ ಸುಲಭ. ಹೊಸ ಸಿಂಥ್ ಹಾಕಿದ ತಕ್ಷಣ ಪ್ರಿಸೆಟ್ ಮೆರವಣಿಗೆ ನೋಡ್ತಾ ಕೂರಬೇಡಿ. ಒಂದು ಚೂಪಾದ ಅಲೆ ತಗೊಂಡು, ಸಿಂಕ್ ಹಾಕಿ, ಸ್ವರವನ್ನು ನಿಧಾನಕ್ಕೆ ಮೇಲಕ್ಕೆ ಏರಿಸಿ. ಸ್ವರ ಮೇಲೆ ಹೋಗ್ತಾ ಇರುವಾಗ ಹಿನ್ನೆಲೆಯಲ್ಲಿ ಇನ್ನೇನೋ ಕುಂಯ್ ಅಂತ ಕೆಳಗೆ ಇಳಿಯೋದು ಕೇಳಿಸಿದರೆ ಅದೇ ಏಲಿಯಾಸ್. ಇಯರ್‌ಫೋನ್ ಹಾಕ್ಕೊಳ್ಳಿ, ಲ್ಯಾಪ್‌ಟಾಪ್ ಸ್ಪೀಕರಲ್ಲಿ ಗೊತ್ತಾಗಲ್ಲ.

ಎರಡನೇ ಪರೀಕ್ಷೆ ನಿಮ್ಮ ಯಂತ್ರದ್ದು. ನನ್ನದು 8 ಜಿಬಿ ರ್ಯಾಮ್‌ನ ಹಳೇ ಐ3. ನಾಲ್ಕು ಸ್ವರದ ಕಾರ್ಡ್, ಎರಡು ಆಸಿಲೇಟರ್, ಒಂದೊಂದಕ್ಕೂ 7 ಯೂನಿಸನ್ ಅಂದ್ರೆ ಒಟ್ಟಿಗೆ 56 ಅಲೆಗಳು. ರಿಲೀಸ್ ಉದ್ದ ಇಟ್ಟರೆ ಹಳೇ ಕಾರ್ಡ್ ಸಾಯೋ ಮುಂಚೆ ಹೊಸದು ಬಂದು 112 ಆಗುತ್ತೆ. ಅದರ ಮೇಲೆ 4 ಪಟ್ಟು ಓವರ್‌ಸ್ಯಾಂಪ್ಲಿಂಗ್. ಬಫರ್ 256 ಸ್ಯಾಂಪಲ್ ಇದ್ದರೆ ಇಷ್ಟೂ ಕೆಲಸ 5.8 ಮಿಲಿಸೆಕೆಂಡಿನ ಒಳಗೆ ಮುಗೀಬೇಕು, ಮುಗಿಯದಿದ್ದರೆ ಪಟಪಟ ಸದ್ದು. ಆದ್ದರಿಂದ ಟ್ಯೂನ್ ಕಟ್ಟುವಾಗ ಓವರ್‌ಸ್ಯಾಂಪ್ಲಿಂಗ್ 1ಕ್ಕೆ ಇಳಿಸಿ, ಬಫರ್ 512 ಮಾಡಿ, ಕೊನೆಗೆ ರೆಂಡರ್ ಮಾಡುವಾಗ ಮಾತ್ರ ಏರಿಸಿ. ರೀಪರ್‌ನಲ್ಲಿ ಮುಗಿದ ಟ್ರ್ಯಾಕನ್ನು ಫ್ರೀಜ್ ಮಾಡಿದರೆ ಸಿಪಿಯು ಉಸಿರಾಡುತ್ತೆ.

ಸರಿ, ಯಾವುದು ಆರಿಸೋದು? ನಾನು ಗಂಭೀರವಾಗಿ ನೋಡಿದ್ದು ಮೂರು. ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ಮ್ಯಾಸಿವ್ ಎಕ್ಸ್‌ಗೆ ಎವಿಎಕ್ಸ್ ಇರೋ ಪ್ರೊಸೆಸರ್ ಬೇಕು, ಹಳೇ ಸೆಲೆರಾನ್ ಇಟ್ಕೊಂಡವರು ಅದನ್ನು ಮರೆತುಬಿಡಿ. ಆರ್ಟುರಿಯಾದ ಪಿಗ್ಮೆಂಟ್ಸ್ ಚೆನ್ನಾಗಿದೆ, ಆದರೆ ಮತ್ತೆ ಕೊಬ್ಬರಿ ಲೆಕ್ಕ.

ಸೀರಮ್ ಸ್ಟೀವ್ ಡ್ಯೂಡಾ ಮಾಡಿದ್ದು. ಅದರ ದೊಡ್ಡ ಗುಣ ಸೌಂಡ್‌ಗಿಂತ ಮುಖ: ಏನು ನಡೀತಿದೆ ಅಂತ ಕಣ್ಣಿಗೆ ಕಾಣಿಸುತ್ತೆ, ಟೇಬಲನ್ನು ಕೈಯಲ್ಲೇ ಬಿಡಿಸಬಹುದು. 2025ರಲ್ಲಿ ಸೀರಮ್ 2 ಬಂದಾಗ ಹಳಬರಿಗೆಲ್ಲ ಉಚಿತವಾಗಿ ಕೊಟ್ಟರು, ಅದು ಮೆಚ್ಚಬೇಕಾದ್ದೇ. ಸ್ಟುಡಿಯೋದಲ್ಲಿ ಕೆಲಸ ಮಾಡ್ತೀನಿ, ಬೇರೆಯವರ ಪ್ರಾಜೆಕ್ಟ್ ಫೈಲ್ ತೆರೀಬೇಕು ಅನ್ನೋರಿಗೆ ಇದು ಬೇಕೇ ಬೇಕಾಗಬಹುದು.

ವೈಟಲ್ 2020ರ ನವೆಂಬರ್‌ನಲ್ಲಿ ಬಂತು, ಮಾಡಿದವರು ಮ್ಯಾಟ್ ಟೈಟಲ್. ಉಚಿತ ಆವೃತ್ತಿಯಲ್ಲಿ ಪ್ರಿಸೆಟ್, ಟೇಬಲ್‌ಗಳು ಕಡಿಮೆ, ಎಂಜಿನ್ ಮಾತ್ರ ಅದೇ. ದುಡ್ಡು ಕೊಟ್ಟರೆ ಸಿಗೋದು ಮುಖ್ಯವಾಗಿ ತುಂಬಿದ ಕಪಾಟು. ಅಲೆಯನ್ನು ಮಾತ್ರ ಅಲ್ಲ, ಅದರ ಹಾರ್ಮಾನಿಕ್‌ಗಳನ್ನೇ ಹಿಗ್ಗಿಸೋ, ಕಲಸೋ ಸ್ಪೆಕ್ಟ್ರಲ್ ವಾರ್ಪ್ ಇದರ ವಿಶೇಷ.

ಸರ್ಜ್ ಎಕ್ಸ್‌ಟಿ ಬಗ್ಗೆ ನಮ್ಮ ಕ್ಯಾಂಪಸ್ಸಲ್ಲಿ ಯಾರೂ ಮಾತಾಡಲ್ಲ, ಅದು ನನಗೆ ಬೇಜಾರು. ಕ್ಲಾಸ್ ಯೋಹಾನ್ಸನ್ ಅನ್ನೋರು ಮಾರ್ತಿದ್ದ ಸಿಂಥನ್ನು 2018ರಲ್ಲಿ ಓಪನ್ ಸೋರ್ಸ್ ಮಾಡಿದರು. ಈಗ ಸ್ವಯಂಸೇವಕರು ನೋಡಿಕೊಳ್ತಾರೆ. ಅಕೌಂಟ್ ಬೇಡ, ಲಾಗಿನ್ ಬೇಡ, ಲಿನಕ್ಸ್‌ನಲ್ಲೂ ಓಡುತ್ತೆ. ಊರಲ್ಲಿ ನೆಟ್‌ವರ್ಕ್ ಹುಡುಕ್ಕೊಂಡು ಮಾಳಿಗೆ ಹತ್ತೋ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ. ನೋಡೋಕೆ ಮಾತ್ರ ವಿಮಾನದ ಕಾಕ್‌ಪಿಟ್ ಥರ ಇದೆ, ಮೊದಲ ವಾರ ತಲೆ ಕೆಡುತ್ತೆ. ಶ್ರುತಿ ವಿಷಯದಲ್ಲಿ ಹುಷಾರಾಗಿರೋರಿಗೆ ಇನ್ನೊಂದು ಲಾಭ: ಸ್ಕಾಲಾ ಟ್ಯೂನಿಂಗ್ ಫೈಲ್ ಹಾಕಬಹುದು. ಕೀಬೋರ್ಡಿನ ಗಾಂಧಾರ ಷಡ್ಜದಿಂದ 400 ಸೆಂಟ್, ತಂಬೂರಿಯಲ್ಲಿ ಕೇಳಿಸೋ 5/4 ಅನುಪಾತದ ಗಾಂಧಾರ ಸುಮಾರು 386. ಆ 14 ಸೆಂಟ್ ಕಿವಿಗೆ ಚುಚ್ಚುತ್ತೆ. ವೈಟಲ್ ಕೂಡ ಈ ಫೈಲ್‌ಗಳನ್ನು ಓದುತ್ತೆ.

ಇಷ್ಟು ಗೊತ್ತಾದ ಮೇಲೂ ನಿರ್ಧಾರ ಆಗಿರಲಿಲ್ಲ. ರಜೆಗೆ ಊರಿಗೆ ಹೋದಾಗ ಜಾತ್ರೆ. ನಮ್ಮ ಕಡೆ ದೇವರ ಮುಂದೆ ಉರುಮೆ ಬಡೀತಾರೆ. ಕೇಳದವರಿಗೆ ಹೇಳ್ತೀನಿ: ನಡು ಸಣ್ಣಗಿರೋ ಚರ್ಮವಾದ್ಯ, ಒಂದು ಕಡೆ ಕೋಲಿಂದ ಹೊಡೀತಾರೆ, ಇನ್ನೊಂದು ಕಡೆ ಬಾಗಿದ ಕೋಲಿಂದ ಚರ್ಮವನ್ನು ಉಜ್ಜುತಾರೆ. ಆಗ ಗುರ್ರ್‌ಉಂ ಅಂತ ಹೊಟ್ಟೆಯೊಳಗಿಂದ ಬಂದ ಹಾಗೆ ಸದ್ದು ಬರುತ್ತೆ. ಡಬ್‌ಸ್ಟೆಪ್ ಹುಡುಗರು ಗ್ರೌಲ್ ಬೇಸ್ ಅಂತ ಹುಡುಕೋದು ಇದನ್ನೇ ತಾನೇ, ಅಂತ ಅನ್ನಿಸ್ತು. ಫೋನಲ್ಲಿ ರೆಕಾರ್ಡ್ ಮಾಡಿದೆ. ಜನರೇಟರ್, ಪೀಪಿ, ಜನ ಎಲ್ಲ ಸೇರಿ ಕಲಸುಮೇಲೋಗರ. ಮಾರನೇ ದಿನ ಉರುಮೆ ನುಡಿಸೋ ಹಿರಿಯರನ್ನೇ ಕೇಳಿಕೊಂಡೆ. ತೋಟದೊಳಗೆ ಕೂತು, ಒಂದೊಂದೇ ಉಜ್ಜು, ನಡುವೆ ಬಿಡುವು ಕೊಟ್ಟು ನುಡಿಸಿದರು. ಫೋನ್ ಒಂದು ಮೊಳ ದೂರದಲ್ಲಿ.

ಫೈಲನ್ನು ವೈಟಲ್‌ನ ಆಸಿಲೇಟರ್ ಮೇಲೆ ಎಳೆದು ಹಾಕಿದರೆ ಹೇಗೆ ಓದಲಿ ಅಂತ ಅದೇ ಕೇಳುತ್ತೆ. ಪಿಚ್ ಸ್ಪ್ಲೈಸ್ ಆರಿಸಿದೆ. ಅದು ಸುತ್ತುಗಳನ್ನು ಕತ್ತರಿಸಿ ಪುಟಗಳಾಗಿ ಜೋಡಿಸುತ್ತೆ. ಕಡಿಮೆ ಸ್ವರದಲ್ಲಿ ನುಡಿಸಿದೆ, ಯೂನಿಸನ್ ಹಾಕಿದೆ, ಡಿಸ್ಟಾರ್ಷನ್ ಹಾಕಿದೆ. ಭಾರೀ ಸೌಂಡ್! ಹೆಮ್ಮೆಯಿಂದ ಹೋಗಿ ಅವರ ಕಿವಿಗೆ ಹೆಡ್‌ಫೋನ್ ಇಟ್ಟೆ. ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಚೆನ್ನಾಗೈತೆ. ಇದ್ರಾಗೆ ನನ್ನ ಉರುಮೆ ಎಲ್ಲೈತೆ?" ಅಂದರು.

ಬೇಜಾರಾಯ್ತು, ಆದರೆ ಅವರು ಕೇಳಿದ್ದು ಸರಿಯಾಗಿತ್ತು. ವೇವ್‌ಟೇಬಲ್ ಮಾಡುವಾಗ ಎರಡು ವಸ್ತು ಕಳೆದುಹೋಗುತ್ತೆ. ಒಂದು, ಸ್ವರದ ಏರಿಳಿತ. ಪ್ರತಿ ಪುಟವೂ ಒಂದೇ ಉದ್ದ ಆಗಬೇಕಲ್ಲ, ಆದ್ದರಿಂದ ಕೋಲು ಒತ್ತಿದಾಗ ಸ್ವರ ಜಾರೋದೆಲ್ಲ ಚಪ್ಪಟೆ ಆಗಿಬಿಡುತ್ತೆ. ಇನ್ನೊಂದು, ಕೆರೆತ. ಚರ್ಮದ ಮೇಲೆ ಕೋಲು ತಿಕ್ಕೋ ಸದ್ದಿಗೆ ನಿಗದಿತ ಸುತ್ತೇ ಇಲ್ಲ. ಟೇಬಲ್ ಅದರ ಒಂದು ಚೂರನ್ನು ಹಿಡಿದು ಪದೇ ಪದೇ ನುಡಿಸಿದಾಗ ಕೆರೆತ ಹೋಗಿ ಝೇಂಕಾರ ಉಳಿಯುತ್ತೆ. ಉರುಮೆ ಅನ್ನೋದು ಇವೆರಡೇ. ನಾನು ಉಳಿಸಿಕೊಂಡಿದ್ದು ಬಣ್ಣ ಮಾತ್ರ.

ಅಂದ್ರೆ ಸಿಂಥ್ ಆರಿಸುವಾಗ ನಾನು ಕೇಳಬೇಕಿದ್ದ ಪ್ರಶ್ನೆ, ಕಳೆದುಹೋದ ಇವೆರಡನ್ನು ವಾಪಸ್ ಹಾಕೋಕೆ ಯಾವುದರಲ್ಲಿ ಅನುಕೂಲ ಇದೆ ಅನ್ನೋದು. ಏರಿಳಿತವನ್ನು ಮೂರರಲ್ಲೂ ಬಿಡಿಸಬಹುದು. ಸೀರಮ್, ವೈಟಲ್‌ನಲ್ಲಿ ಎಲ್‌ಎಫ್‌ಒ ಆಕಾರವನ್ನು ಮೌಸ್‌ನಲ್ಲೇ ಎಳೆಯೋದು, ಸರ್ಜ್‌ನಲ್ಲಿ ಅದಕ್ಕೆ ಎಂಸೆಗ್ ಅಂತ ಎಡಿಟರ್. ಕೆರೆತಕ್ಕೆ ವೈಟಲ್‌ನಲ್ಲಿ ಸ್ಯಾಂಪಲ್ ಸ್ಲಾಟ್ ಇದೆ, ಸೀರಮ್‌ನ ನಾಯ್ಸ್ ಆಸಿಲೇಟರೂ ನಮ್ಮ ಫೈಲ್ ತಗೊಳ್ಳುತ್ತೆ. ಸರ್ಜ್‌ನಲ್ಲಿ ನಾಯ್ಸ್ ಇದೆ, ಆದರೆ ಸ್ವಂತ ರೆಕಾರ್ಡಿಂಗ್ ಸೇರಿಸೋದು ಇಷ್ಟು ಸಲೀಸಲ್ಲ. ಉಚಿತವಾಗಿ ಎರಡೂ ಸಿಗೋದು ವೈಟಲ್‌ನಲ್ಲಿ. ನನ್ನ ಆಯ್ಕೆ ಅಲ್ಲಿಗೆ ಮುಗೀತು. ನಿಮಗೆ ಉರುಮೆ ಬೇಡ, ಶ್ರುತಿಬದ್ಧವಾದ ಮೆತ್ತನೆ ಪ್ಯಾಡ್ ಸಾಕು ಅಂದ್ರೆ ನಾನು ಸರ್ಜ್ ಕಡೆಗೇ ಕೈ ತೋರಿಸ್ತೀನಿ.

ಎರಡನೇ ಸಲ ಹೀಗೆ ಮಾಡಿದೆ: ಮೂಲ ರೆಕಾರ್ಡಿಂಗನ್ನು ನಿಧಾನಕ್ಕೆ ಕೇಳ್ತಾ, ಸ್ವರ ಎಲ್ಲಿ ಏರುತ್ತೆ ಎಲ್ಲಿ ಬೀಳುತ್ತೆ ಅಂತ ಪೇಪರ್ ಮೇಲೆ ಗೆರೆ ಎಳೆದೆ. ಅದೇ ಗೆರೆಯನ್ನು ಎಲ್‌ಎಫ್‌ಒದಲ್ಲಿ ಬಿಡಿಸಿ ಪಿಚ್‌ಗೂ, ಪುಟ ಸರಿಯೋದಕ್ಕೂ ಎರಡಕ್ಕೂ ಕಟ್ಟಿದೆ. ಎಲ್‌ಎಫ್‌ಒ ಸುತ್ತು ಹಾಕದೆ ಕೀ ಒತ್ತಿದಾಗ ಒಮ್ಮೆ ಮಾತ್ರ ಓಡೋ ಹಾಗೆ ಇಟ್ಟೆ. ಕೆರೆತದ ಭಾಗವನ್ನು ಹೈಪಾಸ್ ಮಾಡಿ ಸ್ಯಾಂಪಲ್ ಸ್ಲಾಟಿಗೆ ಹಾಕಿದೆ. ಯೂನಿಸನ್ 7ರಿಂದ 1ಕ್ಕೆ ಇಳಿಸಿದೆ, ಒಬ್ಬರು ನುಡಿಸೋ ವಾದ್ಯಕ್ಕೆ ಏಳು ಯಾಕೆ? ಲ್ಯಾಪ್‌ಟಾಪ್ ಫ್ಯಾನ್ ಕೂಡ ಸುಮ್ಮನಾಯ್ತು.

ಮತ್ತೆ ಹೋಗಿ ಕೇಳಿಸಿದೆ. ಈ ಸಲ ಮಧ್ಯದಲ್ಲೇ ತಲೆ ಆಡಿಸಿದರು. "ಉಜ್ಜು ತಡವಾಗಿ ಬತ್ತೈತಲ್ಲೋ" ಅಂದರು. ನೋಡಿದರೆ ಅಟ್ಯಾಕ್ 40 ಮಿಲಿಸೆಕೆಂಡ್ ಇತ್ತು. ಅವರ ಮುಂದೆಯೇ 5ಕ್ಕೆ ಇಳಿಸಿದೆ. ಪ್ರಿಸೆಟ್ಟನ್ನು ಅವರ ಒಪ್ಪಿಗೆ ಕೇಳಿಯೇ "ಕೆಂಕೆರೆ ಉರುಮೆ 3" ಅಂತ ಸಂಘದ ಡ್ರೈವ್‌ಗೆ ಹಾಕಿದ್ದೀನಿ. 2ನ್ನು ಹುಡುಕಬೇಡಿ, ಅದು ತಡವಾಗಿ ಬರೋದು.