ನಿಲ್ಲುವುದಕ್ಕೆ ಎಷ್ಟು ಖರ್ಚು ಮಾಡಬೇಕು?

ಹಳೆಯ ಕಾರು ಸಾಕುವವರ ಖರ್ಚಿನ ಪುಸ್ತಕ ತೆಗೆದು ನೋಡಿ. ಎಂಜಿನ್ನಿಗೆ, ಪೇಂಟಿಗೆ, ಸೀಟಿನ ಹೊಲಿಗೆಗೆ ದೊಡ್ಡ ದೊಡ್ಡ ಮೊತ್ತ ಕಾಣುತ್ತದೆ. ಬ್ರೇಕಿನ ಹೆಸರಿನಲ್ಲಿ ವರ್ಷಕ್ಕೊಂದು ಬಾಟಲಿ ಆಯಿಲ್ ಬರೆದಿದ್ದರೆ ಹೆಚ್ಚು. ಆಮೇಲೊಂದು ದಿನ ಟಿಪ್ಪರ್ ಲಾರಿಯ ಹಿಂದೆ ಎದೆ ಧಸಕ್ಕೆನ್ನುತ್ತದೆ, ಆ ರಾತ್ರಿಯೇ ಲಕ್ಷ ರೂಪಾಯಿಯ ಡಿಸ್ಕ್ ಬ್ರೇಕ್ ಕಿಟ್ ಹುಡುಕಲು ಕೂರುತ್ತಾರೆ. ಏನೂ ಖರ್ಚು ಮಾಡದಿರುವುದೂ ಹೆದರಿಕೊಂಡು ಖರ್ಚು ಮಾಡುವುದೂ ಒಂದೇ ಜಾತಿಯ ಲೆಕ್ಕ ಅನ್ನುವುದು ನನ್ನ ಅಭಿಪ್ರಾಯ. ಲಕ್ಷದ ಅಂದಾಜುಪಟ್ಟಿ ಕೈಯಲ್ಲಿದ್ದೂ ನಾನು ಅದಕ್ಕೆ ಹಣ ಕಟ್ಟಲಿಲ್ಲ. ಕಾರಣ ಜಿಪುಣತನ ಎಂದು ಮನೆಯವರು ಹೇಳುತ್ತಾರೆ. ನನ್ನ ವಿವರಣೆ ಸ್ವಲ್ಪ ಉದ್ದ ಇದೆ.

ಕಾರು 1967ರ ಸ್ಟ್ಯಾಂಡರ್ಡ್ ಹೆರಾಲ್ಡ್. ಮೈಸೂರಿನ ಚಿಕ್ಕಪ್ಪನಿಂದ ನನಗೆ ಬಂತು. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂದು 1959ರಲ್ಲಿ ಬಿಡುಗಡೆಯಾದ, ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಕಾರನ್ನು 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಇಲ್ಲೇ ಪೆರುಂಗಳತ್ತೂರು–ವಂಡಲೂರು ಕಡೆ ತಯಾರಿಸುತ್ತಿತ್ತು. ನಾನೀಗ ಇರುವ ಚೆನ್ನೈನ ಶೋಳಿಂಗನಲ್ಲೂರಿನಿಂದ ಆ ಜಾಗ ಇಪ್ಪತ್ತು ಕಿಲೋಮೀಟರ್ ಆಸುಪಾಸು. ಹಾಗಾಗಿ ಕೆಲಸದ ದೆಸೆಯಿಂದ ವಲಸೆ ಬಂದವನು ನಾನು, ಕಾರಿಗೆ ಇದು ತವರು.

ಚಿಕ್ಕಪ್ಪ ಹರೆಯದಲ್ಲಿ ಶೋಳವರಂ ರೇಸಿನ ಹುಚ್ಚು ಹತ್ತಿಸಿಕೊಂಡವರು. ಎರಡನೆಯ ಮಹಾಯುದ್ಧದ ಕಾಲದ ವಿಮಾನದ ರನ್‌ವೇ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುತ್ತಿದ್ದ ಆ ರೇಸುಗಳಲ್ಲಿ ಫಿಯಟ್, ಹೆರಾಲ್ಡ್‌ಗಳನ್ನು ಬಿಚ್ಚಿ ಕಟ್ಟಿ ಓಡಿಸುವವರಿದ್ದರು. ಅದನ್ನು ನೋಡಿ ಬಂದ ಚಿಕ್ಕಪ್ಪ ತಮ್ಮ 948 ಸಿಸಿ ಎಂಜಿನ್ನಿಗೆ, ಇಂಗ್ಲೆಂಡಿನ ಕೂಪೆ ಮಾದರಿಗೆ ಬರುತ್ತಿದ್ದಂಥ ಜೋಡಿ ಎಸ್‌ಯು ಕಾರ್ಬುರೇಟರ್ ಕೂರಿಸಿದರು. ಓಟ ಹೆಚ್ಚಿತು. ಬ್ರೇಕನ್ನು ಮಾತ್ರ ಮುಟ್ಟಲಿಲ್ಲ. ಮುಂದೆ ಎಂಟಿಂಚಿನ ಡ್ರಮ್, ಹಿಂದೆ ಏಳಿಂಚಿನ ಡ್ರಮ್, ನಾಲ್ಕಕ್ಕೂ ಸೇರಿ ಒಂದೇ ಮಾಸ್ಟರ್ ಸಿಲಿಂಡರ್. ಎಂಬತ್ತರಲ್ಲಿ ಓಡುತ್ತಿದ್ದ ಕಾರು ನೂರರಲ್ಲಿ ಓಡಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ ಎಂಬ ಗಣಿತವನ್ನು ಅವರು ನನ್ನ ಪಾಲಿಗೆ ಬಿಟ್ಟಿದ್ದರು.

ಒಎಂಆರ್‌ನಲ್ಲಿ, ಅಂದರೆ ಹಳೆ ಮಹಾಬಲಿಪುರಂ ರಸ್ತೆಯಲ್ಲಿ, ಈ ಕಾರು ಓಡಿಸಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೆಟ್ರೋ ಕಾಮಗಾರಿಯ ತಗಡಿನ ಗೋಡೆಗಳ ನಡುವೆ ರಸ್ತೆ ಕಿರಿದಾಗಿದೆ; ಮುಂದಿನ ಕ್ಯಾಬ್‌ಗೆ ಎಬಿಎಸ್ ಇದೆ, ಅದು ಒತ್ತಿದಲ್ಲೇ ನಿಲ್ಲುತ್ತದೆ. ಆ ಭಯದಲ್ಲಿ ನಾನೂ ಡಿಸ್ಕಿನ ಬೆಲೆ ಕೇಳಿದೆ.

ಹೆರಾಲ್ಡಿಗೆ ಡಿಸ್ಕ್ ಹಾಕುವುದು ವಿಚಿತ್ರವೇನಲ್ಲ. ಅದೇ ಚಾಸಿ ವಂಶದ ಟ್ರಯಂಫ್ ಸ್ಪಿಟ್‌ಫೈರ್‌ಗೆ ಕಾರ್ಖಾನೆಯಿಂದಲೇ ಮುಂದೆ ಒಂಬತ್ತಿಂಚಿನ ಡಿಸ್ಕ್, ಗರ್ಲಿಂಗ್ ಕ್ಯಾಲಿಪರ್ ಬರುತ್ತಿತ್ತು; ಹೆರಾಲ್ಡಿನ ನಂತರದ ಮಾದರಿ 12/50ಕ್ಕೂ ಕೊಟ್ಟರು. ಹದಿಮೂರಿಂಚಿನ ಚಕ್ರದೊಳಗೆ ಕೂರುತ್ತದೆ, ಏನನ್ನೂ ಕತ್ತರಿಸಬೇಕಿಲ್ಲ. ಇಂಗ್ಲೆಂಡಿನಿಂದ ತರಿಸಲು ಕೇಳಿದ ಕಿಟ್‌ಗೆ ಸುಮಾರು 45,000 ರೂಪಾಯಿ, ಸಾಗಣೆಗೆ 12,000. ಕೊರಿಯರ್‌ನವರು ಕಳಿಸಿದ ಅಂದಾಜಿನಲ್ಲಿ ಸುಂಕ, ತೆರಿಗೆ ಎಲ್ಲ ಸೇರಿ ಈ ಒಟ್ಟು ಮೊತ್ತದ ಮುಕ್ಕಾಲು ಪಾಲು. ಅಂದರೆ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಲಕ್ಷ. ವಸ್ತುವಿನ ಬೆಲೆ ನೋಡಿ ಮನಸ್ಸು ಮಾಡಬಾರದು, ಸಾಗಣೆಯ ಮೇಲೂ ಸುಂಕ ಬೀಳುತ್ತದೆ. ಲೆಸ್ಟರ್‌ನಲ್ಲಿರುವ ಭಾವಮೈದ ಸೂಟ್‌ಕೇಸಿನಲ್ಲಿ ತರುತ್ತೇನೆ ಎಂದು ಉತ್ಸಾಹ ತೋರಿಸಿದ. ಎರಡು ಡಿಸ್ಕಿನ ತೂಕ ಹೇಳಿದ ಮೇಲೆ ಆ ವಿಷಯ ಮತ್ತೆ ಎತ್ತಲಿಲ್ಲ.

ಮೇಡವಾಕ್ಕಂ ಕಡೆಯ ನಮ್ಮ ಮೇಸ್ತ್ರಿಯ ಸಲಹೆ ಬೇರೆ. “ಯಾತಕ್ಕೆ ಸಾರ್ ಲಂಡನ್ನು? ಪುದುಪೇಟೆಯಲ್ಲಿ ಮಾರುತಿ ಡಿಸ್ಕು, ಕ್ಯಾಲಿಪರು ಸಿಗತ್ತೆ. ಬ್ರಾಕೆಟ್ ನಾನೇ ಲೇತಲ್ಲಿ ಮಾಡಿಸ್ತೀನಿ. ಹದಿನೆಂಟು ಸಾವಿರದಲ್ಲಿ ಮುಗಿಸೋಣ.” ಬೆಂಗಳೂರಿನ ಜೆ.ಸಿ. ರಸ್ತೆ ಕಂಡವರಿಗೆ ಪುದುಪೇಟೆ ಏನೆಂದು ಹೇಳಬೇಕಿಲ್ಲ, ಬಿಚ್ಚಿದ ಕಾರುಗಳ ರಾಶಿಯಲ್ಲಿ ಬೇಕಾದ್ದೆಲ್ಲ ಸಿಗುತ್ತದೆ. ಅಗ್ಗ ಅನ್ನುವುದೂ ನಿಜ. ಆದರೆ ಮಾರುತಿ 800ರ ಚಕ್ರದ ನಟ್‌ಗಳು ಕೂರುವ ವೃತ್ತ 114.3 ಮಿಲಿಮೀಟರ್, ಹೆರಾಲ್ಡಿನದು 95.25. ಹಾಗಾಗಿ ಡಿಸ್ಕಿಗೆ ಹೊಸ ತೂತು ಕೊರೆಯಬೇಕು, ಕ್ಯಾಲಿಪರ್ ಹಿಡಿಯಲು ಲೇತಿನಲ್ಲಿ ಮಾಡಿಸಿದ ಬ್ರಾಕೆಟ್ ಬೇಕು. ಬ್ರೇಕ್ ಒತ್ತಿದಾಗ ಚಕ್ರವನ್ನು ತಡೆಯುವ ಬಲವೆಲ್ಲ ಆ ಬ್ರಾಕೆಟ್ ಮೇಲೆ ಬೀಳುತ್ತದೆ. ಉಳಿತಾಯ ಮಾಡಲು ಕಾರಿನಲ್ಲಿ ಬೇರೆ ಜಾಗಗಳಿವೆ. ಸೀಟಿನ ರೆಕ್ಸಿನ್ ಅಗ್ಗದ್ದು ಹಾಕಿಸಿ, ಯಾರಿಗೂ ಏನೂ ಆಗುವುದಿಲ್ಲ.

ಎರಡನ್ನೂ ಪಕ್ಕಕ್ಕಿಟ್ಟು, ಒಂದು ಭಾನುವಾರ ಬೆಳಕು ಹರಿಯುವ ಮೊದಲು ಖಾಲಿ ಒಳರಸ್ತೆಯಲ್ಲಿ ಪರೀಕ್ಷೆ ಮಾಡಿದೆ. ನಲವತ್ತರ ವೇಗದಲ್ಲಿ ಪೆಡಲನ್ನು ಬಲವಾಗಿ ಒತ್ತಿದಾಗ ಮುಂದಿನ ಚಕ್ರಗಳು ಲಾಕ್ ಆಗಿ ಜಾರಿದವು. ಖರ್ಚಿನ ದಿಕ್ಕನ್ನೇ ಬದಲಿಸಿದ್ದು ಇದು. ಇರುವ ಬ್ರೇಕಿಗೇ ಚಕ್ರ ಹಿಡಿದು ನಿಲ್ಲಿಸುವ ತಾಕತ್ತಿದ್ದರೆ, ಅದಕ್ಕಿಂತ ದೊಡ್ಡ ಬ್ರೇಕ್ ಹಾಕಿದರೂ ಒಂದು ಸಲದ ನಿಲುಗಡೆ ಗಿಡ್ಡವಾಗುವುದಿಲ್ಲ. ಸೋತದ್ದು ಟೈರು. ನನ್ನ ಟೈರುಗಳಲ್ಲಿ ಹಲ್ಲು ಚೆನ್ನಾಗಿಯೇ ಇತ್ತು, ಓಡಿದ್ದು ಕಡಿಮೆ ತಾನೇ. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿ ಓದಿದರೆ ತಿಳಿಯುತ್ತದೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನವು 2009ರಲ್ಲಿ ಹುಟ್ಟಿದವು, ರಬ್ಬರ್ ಹಲಗೆಯಾಗಿತ್ತು. ಹದಿಮೂರಿಂಚಿನ ಟೈರು ಇನ್ನೂ ಸುಲಭವಾಗಿ ಸಿಗುತ್ತದೆ. ನಾಲ್ಕಕ್ಕೆ 12,800 ರೂಪಾಯಿ ಕೊಟ್ಟೆ. ಇಡೀ ವ್ಯವಹಾರದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಹಣ ಅದೇ.

ಹಾಗಾದರೆ ಡಿಸ್ಕ್ ಯಾತಕ್ಕೆ? ಶಾಖಕ್ಕೆ. ಮುಚ್ಚಿದ ಡ್ರಮ್ಮಿನಲ್ಲಿ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಮತ್ತೆ ಮತ್ತೆ ಒತ್ತಿದಾಗ ಲೈನಿಂಗ್ ಕಾದು ಹಿಡಿತ ಬಿಡುತ್ತದೆ. ಡಿಸ್ಕಿಗೆ ಗಾಳಿ ತಾಗುತ್ತದೆ. ಎಪ್ಪತ್ತು ಹೇರ್‌ಪಿನ್ ತಿರುವುಗಳ ಕೊಲ್ಲಿಮಲೆ ಇಳಿಯುವವರಿಗೆ, ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಸುತ್ತು ಹೊಡೆಯುವವರಿಗೆ ಅದು ದುಬಾರಿಯಾದರೂ ನ್ಯಾಯವಾದ ಖರ್ಚು. ನನ್ನ ಓಡಾಟ ಹಾಗಿಲ್ಲ. ಬಕಿಂಗ್‌ಹ್ಯಾಮ್ ಕಾಲುವೆಯ ಸೇತುವೆ ದಾಟಿ ಅಕ್ಕರೈಯಲ್ಲಿ ಕಡಲತೀರದ ಇಸಿಆರ್ ರಸ್ತೆ ಹಿಡಿದು ಮಹಾಬಲಿಪುರದ ತನಕ, ವರ್ಷಕ್ಕೊಮ್ಮೆ ಮೈಸೂರು. ಎಲ್ಲ ಸೇರಿ 1,500 ಕಿಲೋಮೀಟರ್ ಆದರೆ ಹೆಚ್ಚು. ಲಕ್ಷದ ಡಿಸ್ಕ್ ಹತ್ತು ವರ್ಷ ಬಾಳುತ್ತದೆ ಎಂದಿಟ್ಟುಕೊಂಡರೂ ಕಿಲೋಮೀಟರಿಗೆ ಆರೂವರೆ ರೂಪಾಯಿಗಿಂತ ಜಾಸ್ತಿ ಬೀಳುತ್ತದೆ, ಹೆಚ್ಚುಕಡಿಮೆ ಪೆಟ್ರೋಲಿನ ಖರ್ಚಿನ ಹತ್ತಿರಕ್ಕೆ. ಮೇಲಾಗಿ ಆ ಕಿಟ್ ಬಂದರೂ ಹಿಂದಿನ ಡ್ರಮ್ಮು, ಪೈಪು, ಹೋಸು, ಟೈರು ಯಾವುದರ ಖರ್ಚೂ ತಪ್ಪುವುದಿಲ್ಲ. ಡ್ರಮ್ಮಿಗೆ ತನ್ನನ್ನು ತಾನೇ ಬಿಗಿದುಕೊಳ್ಳುವ ಗುಣ ಉಂಟು, ಡಿಸ್ಕಿಗೆ ಇಲ್ಲ; ಮಾಸ್ಟರ್ ಸಿಲಿಂಡರಿನ ಅಳತೆ ಹೊಂದದಿದ್ದರೆ ಹೊಸ ಡಿಸ್ಕಿನಲ್ಲೂ ಪೆಡಲು ಕಲ್ಲಿನ ಹಾಗಾಗುತ್ತದೆ. ಆಗ ಇನ್ನೊಂದು ಬಿಲ್ಲು.

ನನ್ನನ್ನು ನಿಜವಾಗಿ ಹೆದರಿಸಿದ್ದು ಆ ಒಂದೇ ಮಾಸ್ಟರ್ ಸಿಲಿಂಡರ್. ಎಲ್ಲೋ ಒಂದು ರಬ್ಬರ್ ಸೀಲು ಹರಿದರೆ, ಒಂದು ಪೈಪು ತೂತಾದರೆ, ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಡಿಸ್ಕ್ ಹಾಕಿದರೂ ಈ ಅಪಾಯ ಅಲ್ಲೇ ಇರುತ್ತದೆ. ಅದೂ ನಮ್ಮ ಏರಿಯಾದಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪಳ್ಳಿಕರಣೈ ಜೌಗು. ಉಪ್ಪುಗಾಳಿ ಉಕ್ಕಿನ ಬ್ರೇಕ್ ಪೈಪನ್ನು ಹೊರಗಿನಿಂದ ತಿನ್ನುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡು ಒಳಗಿನಿಂದ ತುಕ್ಕು ಹಿಡಿಸುತ್ತದೆ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ನಮ್ಮ ಪಾರ್ಕಿಂಗಿನಲ್ಲಿ ನೀರು ಡ್ರಮ್ಮಿನ ಮಟ್ಟಕ್ಕೆ ನಿಂತಿತ್ತು. ನೀರಿಳಿದ ಮೇಲೆ ಬಿಚ್ಚಿಸಿದರೆ ಹಿಂದಿನ ಎರಡೂ ವೀಲ್ ಸಿಲಿಂಡರ್ ಕಚ್ಚಿಕೊಂಡಿದ್ದವು.

ಹಣ ಹೋದದ್ದು ಅಲ್ಲಿಗೆ. ಸಿಲಿಂಡರುಗಳಿಗೆ ಸ್ಟೇನ್‌ಲೆಸ್ ಸ್ಲೀವ್, ಹೊಸ ರಬ್ಬರ್ ಕಿಟ್: 9,000. ಶೂಗಳಿಗೆ ಹೊಸ ಲೈನಿಂಗ್, ಡ್ರಮ್ಮನ್ನು ಲೇತಿನಲ್ಲಿ ಸಾಪು ಮಾಡಿಸಿದ್ದು: 4,500. ತುಕ್ಕು ಹಿಡಿಯದ ತಾಮ್ರ–ನಿಕ್ಕಲ್ ಪೈಪು, ಹೊಸ ಹೋಸುಗಳು: 5,500. ಆಯಿಲು, ಕೂಲಿ: 5,000. ಅಲ್ಲಿಗೆ 24,000. (ಹಳೆಯ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಗ್ಯಾರೇಜಿನ ಹುಡುಗ ಗಾಳಿ ಪೈಪಿನಿಂದ ಧೂಳು ಊದಲು ಹೊರಟರೆ ತಡೆಯಿರಿ, ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ.) ಲೈನಿಂಗಿಗೆ ವಿದೇಶ ಸುತ್ತುವ ಅಗತ್ಯವೇ ಇಲ್ಲ. ಗರ್ಲಿಂಗ್ ಬ್ರೇಕಿನ ತಂತ್ರಜ್ಞಾನವನ್ನು ಭಾರತಕ್ಕೆ ತಂದ ಬ್ರೇಕ್ಸ್ ಇಂಡಿಯಾ 1962ರಲ್ಲಿ ಶುರುವಾದದ್ದು ಇದೇ ಊರಿನ ಪಾಡಿಯಲ್ಲಿ. ಲೈನಿಂಗ್ ಮಾಡುವ ರಾಣೆ, ಸುಂದರಂ ಕಂಪನಿಗಳೂ ಚೆನ್ನೈಯವೇ. ಬ್ರೇಕಿನ ವಿಷಯಕ್ಕೆ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಊರಿಲ್ಲ.

ಅದರ ಮೇಲೆ ಜೋಡಿ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಅಮೆರಿಕ 1968ರಿಂದ ಕಾರುಗಳಿಗೆ ಎರಡು ಪ್ರತ್ಯೇಕ ಸರ್ಕ್ಯೂಟ್ ಕಡ್ಡಾಯ ಮಾಡಿದ್ದರಿಂದ ಅಲ್ಲಿಗೆ ಹೋಗುತ್ತಿದ್ದ ಸ್ಪಿಟ್‌ಫೈರ್‌ಗೆ ಟ್ರಯಂಫ್‌ನವರು ಅಂಥದ್ದೊಂದನ್ನು ಕೊಟ್ಟರು. ಮುಂದಿನದು ಹೋದರೆ ಹಿಂದಿನದು ಉಳಿಯುತ್ತದೆ. ಪೆಡಲಿನ ಜೋಡಣೆ ಸಹಿತ, ಸುಂಕ ಸೇರಿ, ಕೂರಿಸುವಷ್ಟರಲ್ಲಿ 28,000. ಟೈರೂ ಸೇರಿ ಒಟ್ಟು 64,800. ಸಣ್ಣ ಮೊತ್ತವಲ್ಲ, ಒಪ್ಪುತ್ತೇನೆ. ಕಾರು ತೊಳೆದು ನಿಲ್ಲಿಸಿದರೆ ಇದರಲ್ಲಿ ಒಂದು ಪೈಸೆಯೂ ಕಣ್ಣಿಗೆ ಕಾಣುವುದಿಲ್ಲ. ಕೆಂಪು ಬಣ್ಣದ ಕ್ಯಾಲಿಪರ್ ಕಂಡಿದ್ದರೆ ಅಪಾರ್ಟ್‌ಮೆಂಟಿನ ಹುಡುಗರು ಫೋಟೋ ತೆಗೆಯುತ್ತಿದ್ದರು. ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದಾಗ, “ಅಷ್ಟು ದುಡ್ಡು ಹಾಕಿ ಡ್ರಮ್ಮೇ ಇಟ್ಕೊಂಡ್ಯೇನೋ?” ಅಂದರು. ವಿವರಿಸಲು ಹೊರಟೆ, ಕಾರ್ಬುರೇಟರ್ ಟ್ಯೂನಿಂಗ್ ಹೇಗಿದೆ ಎಂದು ಕೇಳಿ ಮಾತು ತಿರುಗಿಸಿದರು.

ಆಯಿಲಿನ ಬಗ್ಗೆ ಒಂದು ಮಾತು. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ; ತೇವ ಹೀರಿದ ಮೇಲೆ ಆ ಖಾತರಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿಗುಳ್ಳೆ, ಪೆಡಲು ನೆಲಕ್ಕೆ. ಕೆಲವು ನೂರು ರೂಪಾಯಿಯ ಬಾಟಲಿಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ನನ್ನ ಲೆಕ್ಕದಲ್ಲಿ ವಿಮೆಯ ಕಂತಿನಷ್ಟೇ ಕಡ್ಡಾಯ.

ಕಾಗದಪತ್ರದ ಲೆಕ್ಕವೂ ಉಂಟು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಹೇಳಿತು. ಬ್ರೇಕಿನ ವಿಧ ಆರ್‌ಸಿಯಲ್ಲಿ ಬರೆದಿರುವುದಿಲ್ಲ, ಆದರೂ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ನಿಂತಾಗ ಅದೇ ವಂಶದ ಕಾರ್ಖಾನೆಯ ಭಾಗವನ್ನು ಸಮರ್ಥಿಸುವುದು ಸುಲಭ, ಲೇತಿನ ಬ್ರಾಕೆಟನ್ನು ಸಮರ್ಥಿಸುವುದು ಕಷ್ಟ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ಕಾರನ್ನು 20,000 ರೂಪಾಯಿ ಕಟ್ಟಿ ವಿಂಟೇಜ್ ಎಂದು ನೋಂದಾಯಿಸಬಹುದು. ನಾನು ಆ ದಾರಿ ಹಿಡಿಯಲಿಲ್ಲ: ಹಾಗೆ ಮಾಡಿದರೆ ಪ್ರದರ್ಶನ, ರ್‍ಯಾಲಿ, ರಿಪೇರಿ ಬಿಟ್ಟು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ, ಎಂಜಿನ್ ಮೂಲರೂಪದಲ್ಲಿರಬೇಕು. ಚಿಕ್ಕಪ್ಪನ ಜೋಡಿ ಕಾರ್ಬುರೇಟರ್ ಅಲ್ಲಿ ನನ್ನ ಪರ ಸಾಕ್ಷಿ ಹೇಳುವುದಿಲ್ಲ. ವಿಮೆಯಲ್ಲಿ ವಿಂಟೇಜ್ ರಿಯಾಯಿತಿ ಸಿಗುತ್ತದೆಂದು ಕೆಲವು ಏಜೆಂಟರು ಆಸೆ ಹುಟ್ಟಿಸುತ್ತಾರೆ. ಮೋಟಾರ್ ಟ್ಯಾರಿಫಿನ ಆ ಶೇಕಡಾ 25ರ ರಿಯಾಯಿತಿ 1940ರ ಕೊನೆಯೊಳಗೆ ತಯಾರಾದ ಕಾರುಗಳಿಗೆ. ನಮ್ಮ ಹೆರಾಲ್ಡ್ ಅದಕ್ಕೆ ತೀರಾ ಎಳೆಯದು. ಐದು ವರ್ಷ ಮೀರಿದ ಕಾರಿನ ಮೌಲ್ಯವನ್ನು ಕಂಪನಿಯೂ ನೀವೂ ಮಾತಾಡಿಕೊಂಡು ನಿಗದಿ ಮಾಡುವುದರಿಂದ ಫೋಟೋ, ಬಿಲ್ಲು ಇಟ್ಟುಕೊಂಡು ಮಾತಾಡಿ. ಬ್ರೇಕ್ ಬದಲಿಸಿದ್ದನ್ನು ಬರೆದು ತಿಳಿಸಿ. ಮಾರುವ ಹೊತ್ತಿಗೆ ಡಿಸ್ಕಿನ ಹಣ ವಾಪಸು ಬರುತ್ತದೆ ಎಂದು ಮಾತ್ರ ನಂಬಬೇಡಿ. ಹೆರಾಲ್ಡ್ ಕೊಳ್ಳಲು ಬರುವವನು ಮೂಲ ಡ್ರಮ್ಮು ಎಲ್ಲಿ ಎಂದು ಕೇಳುತ್ತಾನೆ.

ಡಿಸ್ಕಿನ ಆ ಲಕ್ಷ ಠೇವಣಿಯಲ್ಲಿದೆ. ವರ್ಷಕ್ಕೆ ಬರುವ ಆರೇಳು ಸಾವಿರ ಬಡ್ಡಿಯಲ್ಲಿ ಬ್ರೇಕಿನ ಆಯಿಲು, ಲೈನಿಂಗು, ರಬ್ಬರು ನಡೆಯುತ್ತದೆ. ಮಗಳು ಕಾಲೇಜು ಮುಗಿಸಿ ಈ ಕಾರಿನಲ್ಲಿ ಯೇರ್ಕಾಡಿಗೆ ಹೋಗಬೇಕು ಎನ್ನುತ್ತಿದ್ದಾಳೆ. ಅವಳು ಗಂಭೀರವಾಗಿ ಘಟ್ಟ ಇಳಿಸಲು ಶುರುಮಾಡಿದರೆ ಅಂದಾಜುಪಟ್ಟಿ ಮತ್ತೆ ತೆಗೆಯುತ್ತೇನೆ. ಸದ್ಯಕ್ಕೆ ಡಿಕ್ಕಿಯಲ್ಲಿರುವ ಸ್ಟೆಪ್ನಿ ಟೈರಿನ ನಾಲ್ಕಂಕಿ ಓದಿದೆ, ಅದೂ 2009ರದೇ. ಮುಂದಿನ ತಿಂಗಳ 3,200 ರೂಪಾಯಿ ಅದರ ಹೆಸರಿಗೆ.