ಹುಲ್ಲಿನ ಜೊತೆ ಸ್ಟೈಲೋನೂ ಇರಲಿ ಮಗಾ

ಬಾರೆ ಮೇಲಿನ ನಾಲ್ಕೆಕರೆಗೆ ಬೇಲಿ ಹಾಕಿಸಿ ದನಕ್ಕೆ ಹುಲ್ಲುಗಾವಲು ಮಾಡಲು ಹೊರಟಿದ್ದೀಯಂತೆ. ಕೇಳಿ ಹೊಟ್ಟೆ ತಣ್ಣಗಾಯಿತು. ಆದರೆ ಬರೀ ಹುಲ್ಲಿನ ಬೀಜಕ್ಕೆ ಹೇಳಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಬಿತ್ತುವುದಕ್ಕೆ ಮುಂಚೆ ನನ್ನ ಮಾತು ಸ್ವಲ್ಪ ಕೇಳು.

ಮುಂಗಾರಿನಲ್ಲಿ ಎಳೆ ಹುಲ್ಲಿಗೆ ಸಾಟಿಯಿಲ್ಲ. ಅದರಲ್ಲಿ ಪ್ರೋಟೀನ್ ನೂರಕ್ಕೆ 10ರಷ್ಟು ಇರುತ್ತದೆ. ತೆನೆ ಬಿಟ್ಟು ಬೀಜ ಉದುರಿದ ಮೇಲೆ, ದೀಪಾವಳಿ ಕಳೆಯುವ ಹೊತ್ತಿಗೆ, ಅದೇ ಹುಲ್ಲಿನಲ್ಲಿ ನಾಲ್ಕೈದು ಉಳಿದರೆ ಹೆಚ್ಚು. ಸುಮಾರು 7ಕ್ಕಿಂತ ಕೆಳಗಿಳಿದರೆ ಹಸುವಿನ ಹೊಟ್ಟೆಯಲ್ಲಿ ನಾರು ಕರಗಿಸುವ ಸೂಕ್ಷ್ಮಜೀವಿಗಳೇ ಸೊರಗುತ್ತವೆ. ತಿಂದದ್ದು ಬೇಗ ಕರಗುವುದಿಲ್ಲ, ಹೊಟ್ಟೆ ಖಾಲಿಯಾಗದೆ ಹಸು ಮತ್ತೆ ಬಾಯಿ ಹಾಕುವುದಿಲ್ಲ. ಮೊಣಕಾಲುದ್ದ ಕರಡದ ನಡುವೆ ನಿಂತ ದನ ಪಕ್ಕೆಲುಬು ಎಣಿಸುವ ಹಾಗೆ ಬಡಕಲಾಗುವುದು ಇದರಿಂದಲೇ. ಆಗ ನೀನು ಹಿಂಡಿಗೆ ದುಡ್ಡು ಸುರಿಯಬೇಕಾಗುತ್ತದೆ.

ಹಿಂದೆ ಅಮೃತಮಹಲ್ ದನಗಳಿಗೆ ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಅಂತ ಬೇರೆ ಬೇರೆ ಕಾವಲುಗಳಿದ್ದವು. ಒಂದು ಕಡೆ ಮೇವು ಒಣಗಿದರೆ ಇನ್ನೊಂದು ಕಡೆಗೆ ಅಟ್ಟುತ್ತಿದ್ದರು. ನಿನಗೆ ಇರುವುದು ಈ ನಾಲ್ಕೆಕರೆ ಮಾತ್ರ. ಚಳಿಗಾಲಕ್ಕೆ ಬೇಕಾದ ಸತ್ವವೂ ಇದೇ ನೆಲದಲ್ಲಿ ಹುಟ್ಟಬೇಕು. ದ್ವಿದಳ ಜಾತಿಯ ಮೇವು ಬೇಕು ಅನ್ನುವುದು ಅದಕ್ಕೇ. ಮಳೆ ನಿಂತ ಮೇಲೂ ಅದರ ಎಲೆ ಹಸಿರಾಗಿರುತ್ತದೆ, ಬೇರುಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿದಿಟ್ಟು ಕ್ರಮೇಣ ಪಕ್ಕದ ಹುಲ್ಲಿಗೂ ಕೊಡುತ್ತದೆ.

ನಮ್ಮ ಚಿತ್ರದುರ್ಗದ ಕಡೆಯ ಕೆಂಪು ನೆಲಕ್ಕೆ, ಈ ಮಳೆಗೆ, ಅಂಜನ ಹುಲ್ಲು ಮತ್ತು ಸ್ಟೈಲೋ ಅನ್ನುವ ದ್ವಿದಳ ಮೇವು ಒಳ್ಳೆಯ ಜೋಡಿ. ಪಕ್ಕದ ಅನಂತಪುರದಲ್ಲಿ ರೈತರು ಸ್ಟೈಲೋವನ್ನು ಬೀಜಕ್ಕೆಂದೇ ಬೆಳೆಯುತ್ತಾರೆ. ಸ್ಟೈಲೋದಲ್ಲಿ ಹಮಾಟ ಅನ್ನುವ ಜಾತಿ ಗಿಡ್ಡ, ತಾನೇ ಬೀಜ ಉದುರಿಸಿ ಮರುವರ್ಷ ಹುಟ್ಟುತ್ತದೆ. ಸ್ಕೇಬ್ರ ಪೊದೆಯಂತೆ ಬೆಳೆದು ಬೇರು ಆಳಕ್ಕಿಳಿಸಿ ಬರ ತಡೆಯುತ್ತದೆ. ಎರಡನ್ನೂ ಬೆರೆಸಿ ಹಾಕು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಒಂದೇ ಜಾತಿಯ ಸ್ಟೈಲೋ ನಂಬಿದ್ದ ಹುಲ್ಲುಗಾವಲುಗಳು ಚಿಬ್ಬುರೋಗಕ್ಕೆ ನೆಲಕಚ್ಚಿದವು.

ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಹಾಗೇ ಚೆಲ್ಲಿದರೆ ಬಹುಪಾಲು ಮೊಳೆಯುವುದಿಲ್ಲ. ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ನಾಲ್ಕೈದು ನಿಮಿಷ ಇಟ್ಟು ತೆಗೆದು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸು. ಕುದಿಯುವ ನೀರಿಗೆ ಹಾಕಿ ಮರೆತುಬಿಟ್ಟೀಯ, ಬೆಂದುಹೋಗುತ್ತದೆ. ಅಂಜನದ ಬೀಜ ಹೋದ ವರ್ಷದ್ದಾದರೆ ವಾಸಿ, ಹೊಸದು ಸರಿಯಾಗಿ ಹುಟ್ಟುವುದಿಲ್ಲ. ಅದು ಹತ್ತಿಯಂತೆ ಹಗುರ, ಗಾಳಿಗೆ ಹಾರದ ಹಾಗೆ ಹಸಿ ಮರಳಿನಲ್ಲಿ ಕಲಸಿ ಸಾಲಿಗೆ ಬಿಡು. ಎರಡು ಬೀಜವೂ ಮೇಲೆಮೇಲೆಯೇ ಇರಲಿ, ಆಳಕ್ಕೆ ಹೋದರೆ ಬರುವುದಿಲ್ಲ. ಬಿತ್ತುವಾಗ ಎಕರೆಗೆ ಒಂದು ಚೀಲವಾದರೂ ಸೂಪರ್ ಫಾಸ್ಫೇಟ್ ಕೊಡು, ದ್ವಿದಳಕ್ಕೆ ರಂಜಕವಿಲ್ಲದೆ ಬೇರುಗಂಟು ಕಟ್ಟುವುದಿಲ್ಲ. ಯೂರಿಯಾ ಮಾತ್ರ ಬೇಡ. ಹುಲ್ಲು ಸೊಕ್ಕಿ ಸ್ಟೈಲೋವನ್ನು ಮುಚ್ಚಿಹಾಕುತ್ತದೆ.

ಈ ಮುಚ್ಚಿಹಾಕುವುದೇ ನನಗಿರುವ ದೊಡ್ಡ ಚಿಂತೆ. ಹುಲ್ಲಿನ ಓಟಕ್ಕೆ ಸ್ಟೈಲೋ ಸಮನಲ್ಲ, ಮೊದಲ ಎರಡು ತಿಂಗಳು ಅದು ನೆಲ ಬಿಟ್ಟು ಏಳುವುದೇ ಕಷ್ಟ. ಮೊದಲ ವರ್ಷ ದನ ಬಿಡಬೇಡ. ಹುಲ್ಲು ಎತ್ತರವಾದಾಗ ಕುಡುಗೋಲಿನಿಂದ ಒಂದು ಗೇಣು ಬಿಟ್ಟು ಮೇಲಷ್ಟೇ ಕೊಯ್ದು ಕೊಟ್ಟಿಗೆಗೆ ತಾ. ಸ್ಟೈಲೋ ಹೂಬಿಟ್ಟು ಬೀಜ ಉದುರಿಸಲಿ. ಎರಡನೇ ವರ್ಷದಿಂದ ಹೊಲವನ್ನು ಭಾಗ ಮಾಡಿ, ಮಳೆಗಾಲದ ಮೊದಲಲ್ಲಿ ಒಂದೊಂದು ಭಾಗದಲ್ಲಿ ಕೆಲವೇ ದಿನ ಬಿಗಿಯಾಗಿ ಮೇಯಿಸಿ ಬಿಡುವು ಕೊಡು. ಆ ಹೊತ್ತಿನಲ್ಲಿ ದನಕ್ಕೆ ಎಳೆ ಹುಲ್ಲೇ ಇಷ್ಟ. ಸ್ಕೇಬ್ರದ ಎಲೆ ಅಂಟಂಟು, ಅದನ್ನು ಮೂಸಿ ಬಿಡುತ್ತವೆ. ಹುಲ್ಲು ತಗ್ಗಿದಷ್ಟೂ ಸ್ಟೈಲೋಗೆ ಬಿಸಿಲು. ಕಾರ್ತಿಕ ಕಳೆದು ಹುಲ್ಲು ಒರಟಾದಾಗ ಅವೇ ದನ ಸ್ಟೈಲೋ ಹುಡುಕಿ ತಿನ್ನುತ್ತವೆ. ಕುದುರೆ ಮಸಾಲೆ ಹಸಿಯಾಗಿ ತಿಂದು ಹೊಟ್ಟೆ ಉಬ್ಬರಿಸುವ ಹೆದರಿಕೆ ಇದರಲ್ಲಿ ಕಾಣೆ.

ಬೇಲಿಯಂಚಿಗೆ ಸುಬಾಬುಲ್ ಹಾಕಬಹುದು, ಆದರೆ ಒಟ್ಟು ಮೇವಿನಲ್ಲಿ ಅದು ಮೂರರಲ್ಲೊಂದು ಪಾಲು ದಾಟದಿರಲಿ. ಅದರಲ್ಲಿರುವ ಮೈಮೋಸಿನ್ ಹೆಚ್ಚಾದರೆ ದನದ ಕೂದಲು ಉದುರುತ್ತದೆ.

ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಬೀಜದ ವಿಚಾರ ಅಲ್ಲಿ ವಿಚಾರಿಸು. ಹೋಗುವ ದಿನ ಮುಂಚಿತವಾಗಿ ಹೇಳು, ಜೊತೆಗೆ ನಾನೂ ಬರುತ್ತೇನೆ.